ಚೆನ್ನಾಗೇ ಕಾಣುವ ಹುಡುಗಿ

ಬೆಳಕು ಹರಿಯುವ ಮೊದಲು ಗುಬ್ಬಿಯ ತಾಯಿ ಮಾಡಿ ಮುಗಿಸುವ ಕೆಲಸಗಳು: ನೀರು ತುಂಬುವುದು, ಮಗಳು ಔಷಧಿಯ ಹಬೆ ಎಳೆದುಕೊಳ್ಳುವ ಮಾಸ್ಕನ್ನು ಕುದಿಸುವುದು, ರಾತ್ರಿ ಬೆವರಿಗೆ ಒದ್ದೆಯಾದ ಹಾಸಿಗೆಬಟ್ಟೆ ಒಗೆಯುವುದು, ಬಸ್ ಓಡಿಸುವ ಗಂಡನಿಗೆ ಡಬ್ಬಿ ತುಂಬುವುದು, ಅವನ ಕಾಲ್ಚೀಲ ಹುಡುಕಿಕೊಡುವುದು. ಕೊನೆಗೆ, ಗುಬ್ಬಿಯನ್ನು ದಿಂಬಿನ ಮೇಲೆ ಬೋರಲು ಮಲಗಿಸಿ, ಅಂಗೈಯನ್ನು ಬಟ್ಟಲು ಮಾಡಿಕೊಂಡು ಬೆನ್ನು ತಟ್ಟುವುದು. ಹುಟ್ಟಿನಿಂದ ಬಂದ ಕಾಯಿಲೆ, ವಾಸಿಯಾಗುವಂಥದ್ದಲ್ಲ. ತಟ್ಟಿದರೆ ಎದೆಯ ಕಫ ಸಡಿಲವಾಗಿ ಹೊರಬರುತ್ತದೆ. ಮಧ್ಯಾಹ್ನದವರೆಗೆ ಹುಡುಗಿ ಎಲ್ಲರ ಮಕ್ಕಳ ಹಾಗೇ ಇರುತ್ತಾಳೆ.

ಎಡವಟ್ಟಾದದ್ದೂ ಅದರಿಂದಲೇ. ಮಗುವಿನ ಆರೈಕೆಗೆಂದು ಅವಳು ಗಾರ್ಮೆಂಟ್ಸ್ ಕೆಲಸ ಬಿಟ್ಟಾಗ, ಇಂಥ ತಾಯಂದಿರಿಗೆ ಸರ್ಕಾರ ಕೊಡುವ ತಿಂಗಳ ನೆರವು ಸಿಕ್ಕಿತ್ತು. ಕಳೆದ ವರ್ಷ ನೋಡಿಹೋಗಲು ಬಂದ ಅಧಿಕಾರಿಯ ಮುಂದೆ ಗುಬ್ಬಿ ಕುಣಿದು ತೋರಿಸಿದಳು.

"ಚೆನ್ನಾಗೇ ಇದಾಳಲ್ಲಮ್ಮ! ನೀವಿನ್ನು ಕೆಲಸಕ್ಕೆ ಹೋಗಬಹುದು."

ನೆರವು ನಿಂತಿತು. ಔಷಧಿ ಅಂಗಡಿಯವನ ಮುಖ ನೋಡಿ ಮಾತಾಡುವುದನ್ನು ಅವಳು ಬಿಟ್ಟಳು. ಮತ್ತೆ ಅರ್ಜಿ ಹಾಕಿ, ಅಲೆದು, ಕಡೆಗೆ ಅದೇ ಅಧಿಕಾರಿ ಈವತ್ತು ಬೆಳಿಗ್ಗೆ ಬರುವುದೆಂದಾಗಿತ್ತು.

ಕೆಳಗಿನ ಮನೆಯ ಇಸ್ತ್ರಿ ಅಕ್ಕ ನಿನ್ನೆಯೇ ಹೇಳಿದ್ದಳು. "ಅವರು ಬಂದು ಹೋಗೋವರೆಗೂ ತಟ್ಟಬೇಡ ಕಣೇ. ಕೆಮ್ಮಲಿ. ಕಿವಿ ಇದ್ರೆ ಕೇಳಿಸಿಕೊಳ್ತಾರೆ."

"ಉಸಿರು ಕಟ್ಟುತ್ತಕ್ಕ ಅವಳಿಗೆ."

"ಅಳೋ ಮಗೂಗೆ ಹಾಲಂತೆ. ನಿಂದು ಕುಣಿಯೋ ಮಗು. ಕುಣಿದ್ರೆ ಚಪ್ಪಾಳೆ ಬಿಟ್ಟು ಇನ್ನೇನು ಸಿಗುತ್ತೆ?"

ಬೆಳಿಗ್ಗೆ ಗಂಡನನ್ನು ಕೇಳಿದಳು. ಅವನು ಬಗ್ಗಿ ಶೂ ಹಾಕಿಕೊಳ್ಳುತ್ತ, "ನಿಂಗೆ ಹೇಗೆ ಸರಿ ಅನ್ಸುತ್ತೋ ಹಾಗೆ ಮಾಡು. ಇದೆಲ್ಲ ನಿಂಗೇ ತಾನೇ ಗೊತ್ತಿರೋದು" ಎಂದು ಡಬ್ಬಿ ಎತ್ತಿಕೊಂಡು ಹೊರಟ. ಪಾತ್ರೆ, ಬಟ್ಟೆ, ನೆಲದ ಜೊತೆಗೆ ಇದೂ ಅವಳ ಪಾಲಿಗೇ ಬಂತು.

ಗುಬ್ಬಿ ಎದ್ದವಳೇ ತಾನೇ ದಿಂಬು ಎಳೆದುಕೊಂಡು ಬೋರಲಾದಳು. ಅಂಗಿ ಮೇಲೆತ್ತಿಕೊಂಡಳು. ಎದೆಯೊಳಗೆ ಗೊರಗೊರ ಶುರುವಾಗಿತ್ತು.

"ಅಮ್ಮಾ, ತಟ್ಟು ಬೇಗ."

ಕರುಳು ಹಿಂಡಿದಂತಾಗಬೇಕಿತ್ತು. ಏನೂ ಆಗಲಿಲ್ಲ. ಒದ್ದೆ ಕೈ ಒರೆಸಿಕೊಂಡು ಹತ್ತಿರ ಕೂತಳು. ಮಗಳ ಅಂಗಿಯನ್ನು ಕೆಳಗೆಳೆದು ಹೊದಿಕೆ ಹೊದಿಸಿದಳು.

"ಆ ಸಾಹೇಬ್ರು ಬಂದು ಹೋಗಲಿ, ಕಂದಾ. ಆಮೇಲೆ."