ಕಾಕಾನ ಬಂದೂಕು, ಕಾಕೂನ ಡಬ್ಬಿ

ರವಿಕೆಯ ಹುಕ್ಕು ಹುಡುಕಲು ಹೋಗಿ ಕಪಾಟಿನ ತಳದಲ್ಲಿ ಒಂದು ದುಂಡನೆಯ ತಗಡಿನ ಡಬ್ಬಿ ಸಿಕ್ಕಿತು. ಮುಷ್ಟಿಯಲ್ಲಿ ಮುಚ್ಚಿಡುವಷ್ಟು ಚಿಕ್ಕದು, ಮುಚ್ಚಳದ ಬಣ್ಣವೆಲ್ಲ ಉಜ್ಜಿ ಉಜ್ಜಿ ಹೋಗಿದೆ. ತೆಗೆದು ಮೂಗಿಗೆ ಹಿಡಿದೆ. ಮೊದಲು ಹಳೆಯ ಅಕ್ಕಿಯ ವಾಸನೆ, ಅದರ ಹಿಂದೆ ಹೊಲಿಗೆ ಯಂತ್ರಕ್ಕೆ ಹಾಕುವ ಎಣ್ಣೆಯ ವಾಸನೆ. ಈ ಎರಡು ವಾಸನೆಗಳು ಸಂಸಾರ ಮಾಡಿದ ಡಬ್ಬಿ ಲೋಕದಲ್ಲಿ ಇದೊಂದೇ ಇರಬೇಕು. ಹುಕ್ಕು ಮರೆತು ಹಾಸಿಗೆಯ ಮೇಲೆ ಕೂತುಬಿಟ್ಟೆ...

ಫೋನಿನಲ್ಲಿ ಬರೆಯುವುದನ್ನು ಮೊಮ್ಮಗಳು ಈಗೀಗ ಕಲಿಸಿದ್ದಾಳೆ. "ಅಜ್ಜಿ, ಒತ್ತಿ ಒತ್ತಿ ಗಾಜ ಒಡೀಬ್ಯಾಡ. ಹೆಬ್ಬಟ್ಟು ಮೆತ್ತಗ ಇಡು" ಎಂದು ದಿನವೂ ಬೈಯುತ್ತಾಳೆ. ಬೈಸಿಕೊಳ್ಳುತ್ತೇನೆ. ಆದರೆ ಇದೇ ಮಾತನ್ನು ನನಗೆ ಮೊದಲು ಹೇಳಿದವರು ಬೇರೆ. ಆಗ ಹೆಬ್ಬೆರಳಿನ ಕೆಳಗೆ ಇದ್ದದ್ದು ಬಂದೂಕಿನ ಛರ್ರೆ, ಸೀಸದ ಪುಟ್ಟ ಗುಂಡು.

ಅಥಣಿಯಿಂದ ಕೊಕಟನೂರಿನ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ದ್ರಾಕ್ಷಿ ತೋಟವಿತ್ತು. ಬದುವಿನ ಆಚೆಗಿನ ತೋಟ ಅವರದು. ನಾವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು, ಅವರ ಹೆಂಡತಿಯನ್ನು ಕಾಕೂ. ಜೈನರ ಮನೆ. ಉಳ್ಳಾಗಡ್ಡಿ, ಬಳ್ಳೊಳ್ಳಿ ಒಳಗೆ ಬರುವುದಿಲ್ಲ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಅಂಥ ಮನೆಯ ಪಡಸಾಲೆಯಲ್ಲಿ ಗೂಟಕ್ಕೆ ಒಂದು ಗಾಳಿ ಬಂದೂಕು ತೂಗುತ್ತಿತ್ತು. ನೋಡಿದವರು ನಗದೆ ಹೋಗುತ್ತಿರಲಿಲ್ಲ. ಕಾಕೂ ತಾವೇ ಮೊದಲು ನಗುತ್ತಿದ್ದರು. "ಗಜ್ಜರಿ ಕಿತ್ತರ ಹುಳ ಸಾಯ್ತೈತಿ ಅಂತ ಗಜ್ಜರಿ ತಿನ್ನಂಗಿಲ್ಲ. ಬಂದೂಕ ಮಾತ್ರ ಬೇಕು ನಮ್ಮ ಮನಿಯವ್ರಿಗೆ."

ಆ ಬಂದೂಕಿನಿಂದ ಕಾಕಾ ಹೊಡೆಯುತ್ತಿದ್ದದ್ದು ತಗಡು ಮಾತ್ರ. ತೋಟದ ಬದುವಿನ ಬೇವಿನ ಮರಕ್ಕೆ ಎಣ್ಣೆ ಡಬ್ಬಿಯ ಮುಚ್ಚಳವೊಂದನ್ನು ತಂತಿಯಲ್ಲಿ ಕಟ್ಟಿದ್ದರು. ದ್ರಾಕ್ಷಿ ಹಣ್ಣಾದಾಗ ಗಿಳಿ, ಗೊರವಂಕಗಳು ಹಿಂಡುಹಿಂಡಾಗಿ ಇಳಿಯುತ್ತಿದ್ದವು. ಕಾಕಾ ಕಲ್ಲಿನ ಮೇಲೆ ಕೂತು ನಿಧಾನವಾಗಿ ಗುರಿ ಹಿಡಿದು ಬಿಟ್ಟರೆ ಠಣ್ ಎಂದು ಮುಚ್ಚಳ ಅದುರುತ್ತಿತ್ತು, ಹಿಂಡು ಎದ್ದು ಹೋಗುತ್ತಿತ್ತು. ಕಲ್ಲು ಬೀಸಿದರೆ, ಕೂಗಿದರೆ ಹಕ್ಕಿಗಳು ಅಂಜುವುದನ್ನು ಯಾವಾಗಲೋ ಬಿಟ್ಟಿದ್ದವು. ಆ ಠಣ್ ಮಾತ್ರ ಅವಕ್ಕೆ ಒಗ್ಗಲೇ ಇಲ್ಲ. ಪ್ರತಿ ಸಲ ತಗಡು ಬಾರಿಸಿದಾಗ ಕಾಕಾ ತಮಗೆ ತಾವೇ "ಬರೋಬ್ಬರಿ" ಎನ್ನುತ್ತಿದ್ದರು, ಲೆಕ್ಕ ಸರಿ ಬಂತು ಎನ್ನುವ ಹಾಗೆ.

ಎಂಬತ್ತರ ದಶಕದ ಕೊನೆಯ ಭಾಗ. ನಮ್ಮ ತೋಟದ ಮೊದಲ ಬೆಳೆ. ಗೊನೆಗಳು ಇನ್ನೇನು ಬಣ್ಣ ತಿರುಗಬೇಕು, ಆಗ ನನ್ನ ಯಜಮಾನರು ಹಂದರದ ಕಂಬದಿಂದ ಬಿದ್ದು ಕಾಲು ಮುರಿದುಕೊಂಡರು. ಪ್ಲಾಸ್ಟರ್ ಹಾಕಿಸಿಕೊಂಡು ಮಂಚದ ಮೇಲೆ ಮಲಗಿ ಎಲ್ಲರಿಗೂ ಬುದ್ಧಿ ಹೇಳುವ ಕೆಲಸ ಅವರದಾಯಿತು, ತೋಟ ನನ್ನದಾಯಿತು. ನಮ್ಮ ಅತ್ತೆ ಬಹಳ ವಿಚಾರ ಮಾಡುವ ಹೆಂಗಸಲ್ಲ. "ಜ್ವಾಳಕ್ಕ ಔಷಧ ಕಲಸಿ ಚೆಲ್ಲಿಬಿಡ್ರಿ. ತಿಂದ ಹಕ್ಕಿ ತಿರುಗಿ ಬರಂಗಿಲ್ಲ" ಎಂದರು. ಈ ಮಾತು ಬದು ದಾಟಿ ಕಾಕಾನ ಕಿವಿಗೆ ಬಿತ್ತು. ಸಂಜೆಯ ಊಟವನ್ನು ಅರ್ಧಕ್ಕೆ ಬಿಟ್ಟು ನಮ್ಮ ಅಂಗಳಕ್ಕೆ ಬಂದರು.

"ಅಕ್ಕಾರ, ಇದೊಂದು ಸುಗ್ಗಿ ನನಗ ಬಿಟ್ಟಕೊಡ್ರಿ. ವಿಷ ಬ್ಯಾಡ. ನಿಮ್ಮ ಸೊಸಿಗೆ ನಾ ಬಂದೂಕ ಕಲಸ್ತೀನಿ."

"ಸೊಸಿ ಬಾಯೇ ಬಂದೂಕ ಇದ್ದಂಗ ಐತಿ. ಮತ್ತೊಂದ್ಯಾಕ್ರಿ?" ಎಂದರು ಅತ್ತೆ. ಆದರೂ ಒಪ್ಪಿದರು. ಆಗಲೇ ವಿಷ ಕಲಸಿಟ್ಟಿದ್ದ ಜೋಳವನ್ನು ಅಟ್ಟದ ಮೇಲೆ ಇಟ್ಟರು, ಚೆಲ್ಲಲಿಲ್ಲ. ಒಂದು ಗೊನೆ ಹೋದರೂ ಅದು ಕೆಳಗಿಳಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಗುರಿ ಹಿಡಿಯುವುದು ಮೊದಲ ಪಾಠ ಇರಬಹುದು ಎಂದುಕೊಂಡಿದ್ದೆ. ಕಾಕಾ ಬಂದೂಕನ್ನು ಮಡಚಿ ನಳಿಗೆಯ ಬಾಯಿ ತೋರಿಸಿ, ನನ್ನ ಅಂಗೈಗೆ ಒಂದು ಛರ್ರೆ ಹಾಕಿದರು. ಸೀಸದ್ದು, ಹೊಲಿಗೆ ಯಂತ್ರದ ಎಣ್ಣೆ ಸವರಿದ್ದು, ಜೋಳದ ಕಾಳಿನಷ್ಟಿದ್ದು, ನಡು ಸಣ್ಣದಾಗಿ ಕೆಳಗೆ ಪರಕಾರ, ಅಂದರೆ ಲಂಗ, ತೊಟ್ಟ ಪುಟ್ಟ ಹುಡುಗಿಯ ಹಾಗಿತ್ತು.

"ಹೆಬ್ಬಟ್ಟು ಮೆತ್ತಗ ಇಡು ಪೋರಿ. ದಬ್ಬಬ್ಯಾಡ. ಅದು ಏನ ಹೇಳ್ತೈತಿ ಕೇಳು."

ಒಂದೊಂದು ನಳಿಗೆಗೆ ಒಂದೊಂದು ಹೊಟ್ಟೆಯಂತೆ. ಡಬ್ಬಿಯ ಮೇಲೆ ಒಂದೇ ನಂಬರ್ ಬರೆದಿದ್ದರೂ ಒಂದು ಕಂಪನಿಯ ಛರ್ರೆ ಕೂದಲೆಳೆಯಷ್ಟು ದಪ್ಪ, ಇನ್ನೊಂದರದು ಕೂದಲೆಳೆಯಷ್ಟು ಸಣ್ಣ. ಸಣ್ಣದಾದರೆ ಗಾಳಿ ಪಕ್ಕದಿಂದ ಸೋರಿ ಛರ್ರೆ ದಾರಿಯಲ್ಲೇ ತಗ್ಗುತ್ತದೆ. ದಪ್ಪನೆಯದನ್ನು ಬಲವಂತದಿಂದ ತುರುಕಿದರೆ ಪರಕಾರ ಮುದುಡಿ ಎತ್ತಲೋ ಹೊರಳುತ್ತದೆ. ಹೆಬ್ಬೆರಳಿಗೆ ಒಂದಿಷ್ಟು ಬಿಗಿ ತೋರಿಸಿ, ಆಮೇಲೆ ತಾನಾಗಿ ಒಳಗೆ ಕೂರಬೇಕು. ತಿರುವಿ ಹಿಡಿದರೆ ಬೀಳಬಾರದು.

"ತಿಳೀತ್ರಿ" ಎಂದೆ. "ಬಳಿ ಇಡಿಸಿದಂಗ."

ಕಾಕಾ ನನ್ನ ಮುಖ ನೋಡಿದರು. ಸಡಿಲ ಬಳೆ ಭಾಂಡೆ ತಿಕ್ಕುವಾಗ ಜಾರಿ ಬೀಳುತ್ತದೆ, ಬಿಗಿ ಬಳೆ ಕೈ ಕೊಯ್ಯುತ್ತದೆ, ಬಳೆಗಾರ ಕೈ ಒಮ್ಮೆ ಹಿಚುಕಿ ನೋಡಿ ಹೇಳುತ್ತಾನಲ್ಲ... ಅದನ್ನೆಲ್ಲ ಹೇಳಿದೆ. ಬಹಳ ಹೊತ್ತು ನಕ್ಕರು. ಹಾಗೆ ನೋಡಿ ನೋಡಿ ಅವರು ಆರಿಸಿದ್ದು ಕುಡಚಿಯ ಅಂಗಡಿಯೊಂದರ ಛರ್ರೆ. ಅದನ್ನು ಹಾಕಿ ರಟ್ಟಿಗೆ ಹೊಡೆದರೆ ತೂತುಗಳೆಲ್ಲ ಒಂದರ ಮೈಮೇಲೆ ಒಂದು ಬೀಳುತ್ತಿದ್ದವು. ಮಿರಜಿನಿಂದ ತಂದ ಒಂದು ಡಬ್ಬಿ ಸಡಿಲ ಎಂದು ಬದಿಗಿಟ್ಟಿದ್ದರು. ಒಗೆಯಲು ಮನಸ್ಸಿರಲಿಲ್ಲ.

"ಇಷ್ಟ್ಯಾಕ ನೋಡ್ತೀರಿ ಕಾಕಾ? ತಗಡಿಗೆ ಬಿದ್ದರ ಸಾಕಲ್ಲ" ಎಂದು ಕೇಳಿದ್ದೆ.

"ತಗಡಿಗೆ ಬೀಳದಿದ್ದದ್ದು ಯಾರಿಗೆ ಬೀಳತೈತಿ?" ಎಂದರು. ಬೇವಿನ ಮರದ ತುಂಬ ಗಿಳಿಗಳು ಕೂತಿದ್ದವು.

ಸ್ವಲ್ಪ ದಿನಗಳಲ್ಲಿ ನಾನೂ ತಗಡು ಬಾರಿಸತೊಡಗಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತರೆ ದಾರಿಯ ಮೇಲಿನ ಸೈಕಲ್ಲುಗಳು ನಿಂತು ನೋಡಿ ಹೋಗುತ್ತಿದ್ದವು. ನನಗೇನೂ ಬೇಸರವಿರಲಿಲ್ಲ, ನಿಜ ಹೇಳಬೇಕೆಂದರೆ ಇನ್ನೂ ಸ್ವಲ್ಪ ಎದೆಯುಬ್ಬಿಸಿ ನಿಲ್ಲುತ್ತಿದ್ದೆ. ಠಣ್ ಎಂದಾಗ ಬದುವಿನ ಆಚೆಯಿಂದ "ಬರೋಬ್ಬರಿ" ಕೇಳುತ್ತಿತ್ತು. ಅಟ್ಟದ ಜೋಳ ಅಟ್ಟದಲ್ಲೇ ಉಳಿದಿತ್ತು.

ಕೊಯ್ಲಿಗೆ ಸ್ವಲ್ಪವೇ ದಿನ ಉಳಿದಿರುವಾಗ ಒಂದು ಮುಂಜಾನೆ ಕಾಕಾನ ಬಂದೂಕಿನ ಸದ್ದು ಕೇಳಿತು, ಠಣ್ ಕೇಳಲಿಲ್ಲ. ಓಡಿ ಹೋದೆ. ಕಾಕಾ ಬೇವಿನ ಕೆಳಗೆ ಮಂಡಿಯೂರಿ ಕೂತಿದ್ದರು. ಧೋತರದ ಚುಂಗಿನಲ್ಲಿ ಒಂದು ಗಿಳಿ, ರೆಕ್ಕೆಯ ಅಂಚಿನಲ್ಲಿ ರಕ್ತ. ಕಾಕೂ ಅರಿಶಿನ ಹಚ್ಚಿ ಅದನ್ನು ಬುಟ್ಟಿಯ ಕೆಳಗೆ ಇಟ್ಟರು. ಅವತ್ತು ಕಾಕಾ ಉಪವಾಸ ಹಿಡಿದರು. ಮರುದಿನ ಬಂದೂಕು, ಛರ್ರೆ ಎರಡನ್ನೂ ತಂದು ನಮ್ಮ ಯಜಮಾನರ ಮಂಚದ ಹತ್ತಿರ ಇಟ್ಟರು.

"ಕಣ್ಣು ಹ್ವಾದು, ಕೈ ಹ್ವಾತು. ಇದನ್ನ ಬಾವ್ಯಾಗ ಒಗದಬಿಡ್ರಿ. ಬಳ್ಳಿ ಕಿತ್ತು ಕಬ್ಬು ಹಚ್ಚತೀನಿ."

ಮಾರನೆಯ ದಿನದಿಂದ ಹಕ್ಕಿಗಳಿಗೆ ಹಬ್ಬ. ಎರಡೂ ತೋಟದಲ್ಲಿ ಗೊನೆಗಳು ಅರ್ಧರ್ಧ ಖಾಲಿ. ಅತ್ತೆ ಏಣಿ ಹಾಕಿ ಅಟ್ಟದಿಂದ ಜೋಳದ ಗಂಟು ಇಳಿಸಿದರು. "ನಾಳಿ ಮುಂಜಾನೆ ಚೆಲ್ಲೂದs" ಎಂದರು. ನಾನು ತಡೆಯಲಿಲ್ಲ, ಹೇಗೆ ತಡೆಯಲಿ... ಬಂದೂಕು ಎತ್ತಿಕೊಂಡು ತೋಟಕ್ಕೆ ಹೋದೆ.

ಮೊದಲ ಛರ್ರೆ ಹೆಬ್ಬೆರಳಿಗೆ ಬಿಗಿ ತೋರಿಸಿ ಕೂತಿತು. ಠಣ್. ಎರಡನೆಯದು ಹೆಬ್ಬೆರಳು ಮುಟ್ಟುವ ಮೊದಲೇ ಒಳಗೆ ಜಾರಿತು, ಸಡಿಲ ಬಳೆಯ ಹಾಗೆ. ಬಂದೂಕನ್ನು ತಿರುವಿ ಹಿಡಿದೆ. ಪುಸಕ್ಕನೆ ಅಂಗೈಗೆ ಬಿತ್ತು. ಡಬ್ಬಿಯನ್ನು ಸೆರಗಿಗೆ ಸುರಿದು ನೋಡಿದೆ. ಎರಡು ಬಗೆಯ ಛರ್ರೆಗಳು ಕೂಡಿಕೊಂಡಿದ್ದವು. ಅಲ್ಲಿಂದ ಕಾಕಾನ ಮನೆಗೆ ಹೇಗೆ ಹೋದೆನೋ ನೆನಪಿಲ್ಲ.

ಕಾಕಾ ಕಟ್ಟೆಯ ಮೇಲೆ ಬುಟ್ಟಿಯ ಪಕ್ಕ ಕೂತಿದ್ದರು. ಬಂದೂಕು ನೋಡಿ ಮುಖ ತಿರುಗಿಸಿದರು.

"ಅದನ್ನ ನನ್ನ ಕಣ್ಣ ಮುಂದ ತರಬ್ಯಾಡ ಪೋರಿ."

"ಕಣ್ಣು ಮುಚ್ಚಿಕೊಳ್ರಿ ಹಂಗಾರ. ಹೆಬ್ಬಟ್ಟು ಅಷ್ಟs ಕೊಡ್ರಿ."

ನಿಜವಾಗಿಯೂ ಕಣ್ಣು ಮುಚ್ಚಿದರು. ನಳಿಗೆಯ ಬಾಯಿಗೆ ಮೊದಲನೆಯದನ್ನು ಇಟ್ಟೆ. ಒತ್ತಿದರು, ಕೂತಿತು. ಅದನ್ನು ತೆಗೆದು ಎರಡನೆಯದನ್ನು ಇಟ್ಟೆ. ಜಾರಿತು. ಅವರ ಹೆಬ್ಬೆರಳು ಹಾಗೇ ಗಾಳಿಯಲ್ಲಿ ನಿಂತಿತು.

"ಇದು ನಮ್ಮದಲ್ಲ" ಎಂದರು ಕಣ್ಣು ತೆರೆದು. "ಇದು ಮಿರಜದು. ಇದರಾಗ ಹೆಂಗ ಬಂತು?"

ಅದೇ ಹೊತ್ತಿಗೆ ಕಾಕೂ ಬಸದಿಗೆ ಹೊರಟು ಒಳಗಿನಿಂದ ಬಂದರು. ಬಸದಿಯಲ್ಲಿ ದೇವರ ಮುಂದೆ ಇಡಲು ಅವರು ದಿನವೂ ಅಕ್ಕಿ ಒಯ್ಯುತ್ತಿದ್ದರು. ಅಕ್ಕಿ ಇದ್ದದ್ದು ಅಂಗೈಯಷ್ಟು ದುಂಡನೆಯ ತಗಡಿನ ಡಬ್ಬಿಯಲ್ಲಿ. ನಾನೂ ಕಾಕಾನೂ ಒಟ್ಟಿಗೆ ಅದನ್ನು ನೋಡಿದೆವು.

"ಆ ಡಬ್ಬಿ ಎಲ್ಲೀದು?" ಎಂದರು ಕಾಕಾ.

"ನಿಮ್ಮದs. ಅರ್ಧಾ ಆ ಡಬ್ಬ್ಯಾಗ, ಅರ್ಧಾ ಈ ಡಬ್ಬ್ಯಾಗ ಇಟ್ಟಿದ್ರಿ. ಎಲ್ಲಾ ಒಂದರಾಗ ಸುರವಿ ಇದನ್ನ ತೊಳಕೊಂಡೆ. ಅಕ್ಕಿ ವಯ್ಯಾಕ ಎಷ್ಟು ಚಂದ ಐತಿ ನೋಡ ಬೇ" ಎಂದು ನನಗೂ ತೋರಿಸಿದರು.

"ಕೂಡಸಬಾರದಿತ್ತು."

"ಯಾಕ್ರಿ? ಎರಡೂ ಸೀಸದ್ದs. ಎರಡು ಡಬ್ಬಿ ಸಕ್ಕರಿ ಕೂಡಿಸಿದ್ರ ಕಹಿ ಆಗ್ತೈತೇನು?"

ನಾನು ಛರ್ರೆ ಜಾರಿಸಿ ತೋರಿಸಿದೆ. ಕಾಕೂ ನಳಿಗೆ ನೋಡಿದರು, ಬುಟ್ಟಿ ನೋಡಿದರು. ನಗುವ ಹೆಂಗಸು ಅವತ್ತು ಮೆಟ್ಟಿಲ ಮೇಲೆ ಕೂತು, "ಹಂಗಾರ ಈ ಪಾಪ ನಂದು" ಎಂದರು.

ಕಾಕಾ ಜಾರಿದ ಛರ್ರೆಯನ್ನು ಎತ್ತಿ ಹೆಬ್ಬೆರಳಲ್ಲಿ ಹೊರಳಿಸಿ ನೋಡಿದರು. ಆಮೇಲೆ, "ಅರ್ಧಾ ನಂದು. ರೂಢಿ ಆತು ಅಂತ ಹೆಬ್ಬಟ್ಟಿನ ಮಾತು ಕೇಳೂದು ಬಿಟ್ಟಿದ್ದೆ" ಎಂದರು.

ಮೂವರೂ ಕೂತು ಮೊರದಲ್ಲಿ ಛರ್ರೆ ಆರಿಸಿದೆವು, ಅಕ್ಕಿಯಲ್ಲಿ ಹರಳು ಆರಿಸಿದ ಹಾಗೆ. ಕಾಕೂನ ಬೆರಳು ನಮ್ಮಿಬ್ಬರಿಗಿಂತ ಚುರುಕು. ಆದರೆ ಗಿಳಿ ಹಾರುವವರೆಗೆ ಬಂದೂಕು ಮುಟ್ಟುವುದಿಲ್ಲ ಎಂದು ಕಾಕಾ ಹಟ ಹಿಡಿದರು. ಹಾಗಾಗಿ ಎರಡೂ ತೋಟ ನನ್ನ ಹೆಗಲಿಗೆ ಬಂದವು. ಅವತ್ತು ಸಂಜೆಯವರೆಗೆ ಬೇವಿನ ತಗಡು ಒಂದೇ ಸಮನೆ ಮೊಳಗಿತು. ಅತ್ತೆ ಗಂಟು ಹಿಡಿದು ಬದುವಿನ ಮೇಲೆ ನಿಂತು ನೋಡಿದರು. ಆಮೇಲೆ ತಾವೇ ಗುಂಡಿ ತೋಡಿ ಜೋಳ ಹೂಳಿದರು. "ಛಲೋ ಜ್ವಾಳ ಹಾಳಾತು" ಎಂದಷ್ಟೇ ಗೊಣಗಿದರು.

ಕೊಯ್ಲಿನ ದಿನ ಕಾಕೂ ಬುಟ್ಟಿ ಎತ್ತಿದರು. ಗಿಳಿ ಕಟ್ಟೆಯ ಮೇಲೆ ಅತ್ತಿತ್ತ ನಡೆದು ಒಮ್ಮೆ ಬಿದ್ದು, ಮತ್ತೆ ಎದ್ದು ಹಾರಿತು. ಹಾರಿದ್ದು ಎಲ್ಲಿಗೆ ಅನ್ನುತ್ತೀರಿ? ನೇರ ನಮ್ಮ ತೋಟಕ್ಕೆ, ನಾನು ಕಣ್ಣಲ್ಲಿ ಕಣ್ಣಿಟ್ಟು ಕಾಯ್ದ ಗೊನೆಯ ಮೇಲೆ. ಕಾಕಾ ನನ್ನ ಕೈ ಹಿಡಿದರು.

"ಇರಲಿ ಬಿಡು ಪೋರಿ. ಅದು ಅದರ ಪಾಲು."

ಅದು ತಿಂದು ಮುಗಿಸುವವರೆಗೆ ಕಾದು, ಆಮೇಲೆ ಬಂದೂಕು ಇಸಿದುಕೊಂಡರು. ಠಣ್. ಈ ಸಲ "ಬರೋಬ್ಬರಿ" ಎಂದು ಕೂಗಿದವಳು ನಾನು. ಬಳ್ಳಿ ಕೀಳುವ ಮಾತು ಮತ್ತೆ ಅವರ ಬಾಯಲ್ಲಿ ಬರಲಿಲ್ಲ.

ಆ ಬೆಳೆಯೇ ನಮ್ಮ ಸಂಸಾರವನ್ನು ನಿಲ್ಲಿಸಿತು. ಅವತ್ತಿನಿಂದ ಏನೇ ಕೆಲಸವಿರಲಿ, ರೂಢಿಯಾಗಿದೆ ಎಂದು ಕೈ ಮುಂದೆ ಓಡಿದಾಗ ಒಮ್ಮೆ ಹೆಬ್ಬೆರಳು ಒತ್ತಿ ನೋಡುವುದು ನನಗೆ ಅಭ್ಯಾಸವಾಯಿತು. ಸೊಸೆಯನ್ನು ಆರಿಸಿದ್ದೂ ಹಾಗೆಯೇ, ಅವಳಿಗೆ ಮಾತ್ರ ಹೇಳಬೇಡಿ.

ತೊಂಬತ್ತರ ದಶಕ ಮುಗಿಯುವ ಮೊದಲೇ ಕಾಕಾ ಹೋದರು. ಬಂದೂಕು ಯಾರ ಪಾಲಾಯಿತೋ... ಕಾಕೂ ತಮ್ಮ ಕೊನೆಯ ದಿನಗಳಲ್ಲಿ ಡಬ್ಬಿಯನ್ನು ನನ್ನ ಕೈಗಿಟ್ಟು, "ತೊಳದೀನಿ, ಎಣ್ಣಿ ವಾಸನಿ ಹೋಗವಲ್ದು" ಎಂದಿದ್ದರು. ಹೋಗದೇ ಇದ್ದದ್ದು ಒಳ್ಳೆಯದಾಯಿತು.

ನಿನ್ನೆ ಡಬ್ಬಿ ಹಿಡಿದು ತೋಟಕ್ಕೆ ಹೋಗಿದ್ದೆ. ಈಗ ದ್ರಾಕ್ಷಿಯ ಮೇಲೆಲ್ಲ ಬಲೆ ಹಾಸಿದ್ದಾರೆ, ಹಕ್ಕಿ ಓಡಿಸುವ ಕೆಲಸ ಯಾರಿಗೂ ಇಲ್ಲ. ಬೇವಿನ ತೊಗಟೆ ತಂತಿಯನ್ನು ನುಂಗಿದೆ, ತುಕ್ಕು ಹಿಡಿದ ಮುಚ್ಚಳ ಇನ್ನೂ ತೂಗುತ್ತಿದೆ. ಅತ್ತಿತ್ತ ನೋಡಿ, ಮೊಮ್ಮಗಳು ಇಲ್ಲ ಎಂದು ಖಾತ್ರಿ ಮಾಡಿಕೊಂಡು ಒಂದು ಹರಳು ಬೀಸಿದೆ. ತಪ್ಪಿತು. ಇನ್ನೊಂದನ್ನು ಬೆರಳಲ್ಲಿ ಒತ್ತಿ ನೋಡಿ, ಬೀಸಿದೆ.

ಠಣ್ ಎಂದಿತು. ಬೇವಿನಿಂದ ಗಿಳಿಗಳು ಎದ್ದು ಹೋದವು. ನಾನು ಬದುವಿನ ಆಚೆಗೆ ಕಿವಿ ಕೊಟ್ಟು ನಿಂತೆ, ಸ್ವಲ್ಪ ಹೊತ್ತು... ಆಮೇಲೆ ಆ ಮಾತನ್ನು ನಾನೇ ಹೇಳಿಕೊಂಡು ಮನೆಗೆ ಬಂದೆ.