ಕೇಳಿ ಕುಡಿದ ನೀರು

ಮನೆ ಮಾರಿಸುವ ದಲ್ಲಾಳಿಗಳಿಗೆ ನಾಚಿಕೆ ಹುಟ್ಟಿನಿಂದಲೇ ಇರುವುದಿಲ್ಲವೋ, ಕೆಲಸಕ್ಕೆ ಸೇರುವ ದಿನ ಕಳಚಿಟ್ಟು ಬರುತ್ತಾರೋ ಗೊತ್ತಿಲ್ಲ. ಪಿಸ್ತಿಲ್ ಎಂಬ ಹೆಸರಿನ ಮನೆಯ ಜಾಹೀರಾತಿನಲ್ಲಿ ಅವರು ಬರೆದದ್ದು ಇಷ್ಟು: ಕಲ್ಲಿನ ಗೋಡೆ, ಸ್ಲೇಟಿನ ಚಾವಣಿ, ಬೆಟ್ಟದ ನೋಟ, ಸ್ವಂತ ಒರತೆಯ ನೀರು. ಒರತೆ ಇದ್ದದ್ದು ಬೇಲಿಯ ಆಚೆ, ಎಮ್ಲಿನ್ ಗಿಟಿನ್ಸ್ ಎಂಬ ಮುದುಕನ ಕುರಿ ಹೊಲದಲ್ಲಿ. ಬೇಲಿಯ ವಿಚಾರ ಜಾಹೀರಾತಿನಲ್ಲಿ ಇರಲಿಲ್ಲ.

ಆ ಮನೆ ಕೊಂಡವಳು ಡೆಲಿತ್ ಮ್ಯಾಡಕ್ಸ್. ವೇಲ್ಸ್ ದೇಶದ ನಮ್ಮ ಈ ಕಣಿವೆಯಲ್ಲಿ ಅವಳನ್ನು ಅರಿಯದವರಿಲ್ಲ. ಪೇಟೆಯ ವೃದ್ಧಾಶ್ರಮದಲ್ಲಿ ಅಡುಗೆಯವಳಾಗಿದ್ದು ನಮ್ಮೆಲ್ಲರ ಅಪ್ಪ ಅಮ್ಮಂದಿರಿಗೆ ಕೊನೆಯ ಬಟ್ಟಲು ಸೂಪು ಕುಡಿಸಿದವಳು ಅವಳೇ. ಅವಳ ಅಪ್ಪ ಮುಳ್ಳುಬೇಲಿ ಹೆಣೆಯುವ ಕೂಲಿ. ಯಾರ ಜಮೀನಿನಲ್ಲಿ ಕೆಲಸವೋ ಅವರ ಗುಡಿಸಲಲ್ಲಿ ಸಂಸಾರ. ಬೇಲಿ ಮುಗಿದ ದಿನ ಮನೆಯೂ ಮುಗಿಯಿತು. ಮದುವೆಯಾದ ಮೇಲೆ ಮೀನು ಕರಿಯುವ ಅಂಗಡಿಯ ಮೇಲಿನ ಬಾಡಿಗೆ ಕೋಣೆಗಳು. ಗಂಡ ಬಿಟ್ಟುಹೋದ, ಎಣ್ಣೆಯ ಕಮಟು ಬಿಟ್ಟುಹೋಗಲಿಲ್ಲ. ಮಕ್ಕಳಿರಲಿಲ್ಲ. ಸಂಬಳದಲ್ಲಿ ಉಳಿಸಿದ್ದೆಲ್ಲ ಒಂದೇ ಆಸೆಗೆ.

"ನನ್ನನ್ನ ಎಬ್ಬಿಸಿ ಕಳಿಸೋರು ಯಾರೂ ಇರಬಾರದು ಕಣೋ. ಇನ್ನೇನೂ ಬೇಡ ನನಗೆ," ಅಂದಿದ್ದಳು ನನ್ನ ಹತ್ತಿರ.

ಮನೆ ನೋಡಲು ಹೋದ ದಿನ ಅಡುಗೆಮನೆಯ ನಲ್ಲಿ ತಿರುಗಿಸಿ ಬೊಗಸೆಯಲ್ಲೇ ಕುಡಿದಳಂತೆ. ಹಲ್ಲು ಜುಮ್ಮೆನ್ನುವ ತಣ್ಣನೆ ನೀರು, ಔಷಧಿಯ ವಾಸನೆ ಇಲ್ಲ. ಬೆಲೆಯ ಮೇಲೆ ಚೌಕಾಸಿಯನ್ನೂ ಮಾಡಲಿಲ್ಲ.

ಇಲ್ಲಿ ಒಂದು ರೂಢಿಯನ್ನು ಹೇಳಬೇಕು. ನಮ್ಮ ಬೆಟ್ಟದಲ್ಲಿ ಒಬ್ಬರ ಹೊಲದ ಒರತೆ ಇನ್ನೊಬ್ಬರ ನಲ್ಲಿಗೆ ಬರುವುದು ಹೊಸದಲ್ಲ. ಮನೆಗೆ ಹೊಸಬರು ಬಂದರೆ ಒಣದ್ರಾಕ್ಷಿ ಹಾಕಿದ ಬಾರಾ ಬ್ರಿತ್ ರೊಟ್ಟಿ ಸುಟ್ಟುಕೊಂಡು ಒರತೆಯ ಒಡೆಯರ ಮನೆಗೆ ಹೋಗುತ್ತಾರೆ, ಬಾಗಿಲಲ್ಲಿ ನಿಂತು ನೀರು ಕೇಳುತ್ತಾರೆ. ಬೇಡ ಅಂದವರನ್ನು ಯಾರೂ ಕಂಡಿಲ್ಲ. ಆದರೂ ಕೇಳಬೇಕು. ಕೇಳದವರು ಒರಟರು.

ಡೆಲಿತ್ ರೊಟ್ಟಿ ಹಿಡಿದು ಹೋದಳು.

"ನೀರು ತಗೋಬಹುದಾ, ಎಮ್ಲಿನ್?"

"ಬೆಟ್ಟ ಉಚ್ಚೆ ಹೊಯ್ದರೆ ನನ್ನನ್ನ ಯಾಕೆ ಕೇಳ್ತೀಯ ತಾಯಿ? ತಗೋ, ತಗೋ. ರೊಟ್ಟೀಗೆ ಬೆಣ್ಣೆ ತಂದಿದ್ದೀಯೋ, ಅದನ್ನೂ ನಾನೇ ಹಾಕಬೇಕೋ?"

ಅವನೂ ಕೇಳುತ್ತಿದ್ದ. ಅವನ ಮೇಲಿನ ಹೊಲಕ್ಕೆ ಗಾಡಿದಾರಿ ಇರುವುದು ಡೆಲಿತ್‌ಳ ಅಂಗಳದ ಮೂಲಕ ಮಾತ್ರ. ಕುರಿ ತುಂಬಿದ ಗಾಡಿಯನ್ನು ಗೇಟಿನ ಮುಂದೆ ನಿಲ್ಲಿಸಿ ಹಾರ್ನ್ ಒತ್ತಿ, "ಹೋಗ್ಲಾ, ತಾಯಿ?" ಎಂದು ಕೂಗುವನು. ಇವಳು ಕಿಟಕಿಯಿಂದ ಕೈ ಎತ್ತುವಳು. ಗೇಟು ತೆಗೆಯುವುದು ಅವನೇ, ಹಾಕುವುದೂ ಅವನೇ.

ಹೀಗೆ ಕೆಲವು ವರ್ಷ. ಆಮೇಲೆ ಎಮ್ಲಿನ್ ನೆನಪು ಕಳೆದುಕೊಂಡು, ವೃದ್ಧಾಶ್ರಮ ಸೇರಿ, ಡೆಲಿತ್‌ಳ ಸೂಪಿನ ಪಾಲಿಗೇ ಬಂದ. ಹೊಲ ಮಗ ಬರ್ವಿನ್ ಕೈಗೆ ಹೋಯಿತು. ಬರ್ವಿನ್‌ಗೆ ಕುರಿ ಬೇಡ. ಪ್ರವಾಸಿಗರಿಗೆ ಮರದ ಗುಡಾರಗಳು ಬೇಕು, ಪ್ರತಿ ಗುಡಾರದ ಮುಂದೆ ಬಿಸಿನೀರಿನ ತೊಟ್ಟಿ ಬೇಕು. ನಕ್ಷತ್ರ ನೋಡುತ್ತಾ ಸಾರಾಯಿ ಹೀರುತ್ತಾ ಕೊಳೆ ನೆನೆಸಲು ಲಂಡನ್ನಿನಿಂದ ಜನ ಬರುತ್ತಾರಂತೆ. ಆ ತೊಟ್ಟಿಗಳಿಗೆ ನೀರು ಎಲ್ಲಿಂದ?

ಡೆಲಿತ್‌ಳ ನಲ್ಲಿ ಒಂದು ಬೆಳಿಗ್ಗೆ ಕೆಮ್ಮಿತು, ಕಂದು ಕೆಸರು ಉಗುಳಿತು, ನಿಂತಿತು. ಬೇಲಿಯ ಹತ್ತಿರ ಹೋಗಿ ನೋಡಿದರೆ ಒರತೆಯ ನೀರು ಕೂಡುವ ಕಲ್ಲಿನ ಪೆಟ್ಟಿಗೆಯ ಚಪ್ಪಡಿ ಸರಿಸಿದೆ, ಅವಳ ಕೊಳವೆಯ ಬಾಯಿಗೆ ಬಿರಡೆ ಜಡಿದಿದೆ, ಪಕ್ಕದಲ್ಲಿ ಹೊಸ ದಪ್ಪ ಕೊಳವೆ.

"ಏನೋ ಇದು, ಬರ್ವಿನ್?"

"ನನ್ನ ಹೊಲ, ನನ್ನ ನೀರು, ಡೆಲಿತ್ ಆಂಟಿ. ಅಪ್ಪ ಕೊಟ್ಟಿದ್ದ, ಸರಿ. ನಾನು ಕೊಡ್ತಿಲ್ಲ."

"ನಿಮ್ಮಪ್ಪನಿಗೆ ನಿನ್ನೆ ಗಂಜಿ ತಿನ್ನಿಸಿದ್ದು ಈ ಕೈ ಕಣೋ."

"ಅದಕ್ಕೆ ಆಶ್ರಮದೋರು ಸಂಬಳ ಕೊಡಲ್ವಾ?"

ಆ ಮಾತನ್ನು ನಾನು ಮರೆತಿಲ್ಲ. ಕಣಿವೆಯೂ ಮರೆಯಬಾರದೆಂದೇ ಇಲ್ಲಿ ಅಚ್ಚು ಹಾಕುತ್ತಿದ್ದೇನೆ.

ಡೆಲಿತ್ ಪೇಟೆಯ ವಕೀಲನ ಬಳಿ ಹೋದಳು. ಅವನು ಕೇಳಿದ್ದು ಒಂದೇ ಪ್ರಶ್ನೆ. "ನೀರು ತಗೊಳ್ಳೋ ಮೊದಲು ಅನುಮತಿ ಕೇಳಿದ್ರಾ?"

"ಕೇಳದೆ ಇರ್ತೀನಾ? ರೊಟ್ಟಿ ಸುಟ್ಟುಕೊಂಡು ಹೋಗಿ ಕೇಳಿದೆ. ನನಗಿಂತ ಮುಂಚೆ ಇದ್ದೋರೂ ಕೇಳಿದ್ರು."

ವಕೀಲ ತಲೆ ಹಿಡಿದುಕೊಂಡ. "ಕೆಟ್ಟಿರಿ. ಕೇಳದೆ, ಎಲ್ಲರ ಎದುರಿಗೆ, ವರ್ಷಗಟ್ಟಲೆ ಕುಡಿದಿದ್ರೆ ಅದು ಹಕ್ಕು ಆಗ್ತಿತ್ತು. ಕೇಳಿ ಕುಡಿದ್ರೆ ಅದು ಅವರ ದಯೆ. ದಯೆ ಯಾವಾಗ ಬೇಕಾದ್ರೂ ವಾಪಸ್ಸು ತಗೋಬಹುದು."

"ಅಂದ್ರೆ ನಾನು ಮರ್ಯಾದೆಗೆಟ್ಟೋಳಾಗಿದ್ರೆ ಗೆಲ್ತಿದ್ದೆ?"

"ಹಾಗೇ ಅಂದ್ಕೊಳ್ಳಿ."

ಓದುಗರೇ, ಇದು ಕಾನೂನು. ನಾನು ಶಾಲೆ ಬಿಟ್ಟವನು, ಆದರೆ ಈ ವಿಷಯದಲ್ಲಿ ಪುಸ್ತಕ ತೆರೆದು ನೋಡಿದೆ. ವಕೀಲ ಸುಳ್ಳು ಹೇಳಿರಲಿಲ್ಲ. ಬಾಗಿಲು ತಟ್ಟಿ ಕೇಳಿದವಳ ಗಂಟಲು ಒಣಗಿಸಿ, ತಟ್ಟದೆ ನುಗ್ಗಿದವನಿಗೆ ಕೊಡ ತುಂಬಿಸುವ ಈ ಬುದ್ಧಿ ಯಾವ ತಲೆಯಲ್ಲಿ ಹುಟ್ಟಿತೋ, ಆ ತಲೆಗೆ ಒಂದು ದಿನವೂ ಬಾಯಾರಿರಲಿಲ್ಲ.

ನೀರಿಲ್ಲದ ಮನೆಯನ್ನು ಮಾರಲೂ ಆಗದು. ಡೆಲಿತ್ ಆಶ್ರಮದ ಪಾಳಿ ಮುಗಿಸಿ ಚಾಪೆಲಿನ ಅಂಗಳದ ನಲ್ಲಿಯಿಂದ ಡಬ್ಬಗಳಲ್ಲಿ ನೀರು ತುಂಬಿಸಿ, ಕಾರಿನಲ್ಲಿ ಹೇರಿ ತಂದಳು. ಭಾನುವಾರ ಅದೇ ಚಾಪೆಲಿನಲ್ಲಿ ಅವಳ ಪಕ್ಕ ಕೂತು ಕರುಣೆಯ ಹಾಡು ಹಾಡುವ ಮಹಾಶಯರು ಬರ್ವಿನ್‌ನ ಕೈ ಕುಲುಕಿ ಗುಡಾರಗಳ ವಿಚಾರ ಕೇಳಿದರು. ಅವರ ಹೆಂಡತಿಯರಿಗೆ ಹಾಸಿಗೆ ಒಗೆಯುವ ಕೆಲಸ ಸಿಗಬಹುದಲ್ಲ. ಡೆಲಿತ್‌ಗೆ ಅವರು ಕೊಟ್ಟದ್ದು ಉಪದೇಶ: "ಜಗಳ ಬೇಡ, ಪೇಟೇಲೇ ಒಂದು ಬಾಡಿಗೆ ಮನೆ ನೋಡ್ಕೋಬಾರದಾ?"

ಬಾಡಿಗೆ ಮನೆ! ಜೀವಮಾನವಿಡೀ ಅದರಿಂದ ಓಡಿ ಬಂದವಳಿಗೆ.

ಗುಡಾರಗಳು ಬಂದದ್ದು ಬೇಸಿಗೆಯ ಕೊನೆಗೆ. ಉದ್ದನೆಯ ಲಾರಿಯ ಮೇಲೆ ಇಡಿ ಇಡಿಯಾಗಿ. ಮುಂದೆ ಬರ್ವಿನ್‌ನ ಜೀಪು. ಡೆಲಿತ್ ಡಬ್ಬ ಇಳಿಸುತ್ತಿದ್ದಳು. ಒಂದು ಡಬ್ಬ ಹೊತ್ತುಕೊಂಡು ನಾನೂ ಇದ್ದೆ. ಬರ್ವಿನ್ ಗೇಟಿನ ಮುಂದೆ ಜೀಪು ನಿಲ್ಲಿಸಿದ, ಹಾರ್ನ್ ಒತ್ತಿದ, ಹುಟ್ಟಿದಾಗಿನಿಂದ ಅಪ್ಪನ ಪಕ್ಕ ಕೂತು ಕೇಳಿಸಿಕೊಂಡದ್ದನ್ನೇ ಕತ್ತು ಹೊರಗೆ ಹಾಕಿ ಕೂಗಿದ: "ಹೋಗ್ಲಾ, ಆಂಟಿ?"

ಡೆಲಿತ್ ಡಬ್ಬ ಕೆಳಗಿಟ್ಟಳು. ಸೆರಗಿಲ್ಲದ ಊರು, ಏಪ್ರನ್ನಿಗೆ ಕೈ ಒರೆಸಿಕೊಂಡಳು.

"ಬೇಡ."

"ಏನು?"

"ಕೇಳಿದೆಯಲ್ಲಪ್ಪ, ಹೇಳಿದೆ. ಬೇಡ. ನಿಮ್ಮಪ್ಪನೂ ಪ್ರತಿ ಸಲ ಕೇಳಿಯೇ ಹೋಗ್ತಿದ್ದ. ಕೊಟ್ಟಿದ್ದೆ, ಸರಿ. ಈಗ ಕೊಡ್ತಿಲ್ಲ." ಲಾರಿಯವನ ಕಡೆ ತಿರುಗಿದಳು. "ಏನಣ್ಣ, ಇವನು ಕೇಳಿದ್ದು ನಿನಗೂ ಕೇಳಿಸ್ತು ತಾನೆ?"

"ಕೇಳಿಸ್ತಮ್ಮ," ಎಂದ ಲಾರಿಯವನು. "ಹಾರ್ನೂ ಕೇಳಿಸ್ತು."

ಬರ್ವಿನ್‌ನ ಮುಖ ಕೆಂಪಾಯಿತು. ಅವಳನ್ನು ಬೈದ, ನನ್ನನ್ನು ಬೈದ, ಕೊನೆಗೆ ಸತ್ತಿರದ ಅಪ್ಪನನ್ನೂ ಬೈದ. ಡೆಲಿತ್ ಗೇಟಿಗೆ ಸರಪಳಿ ಸುತ್ತಿ ಒಳಗೆ ಹೋಗಿ ಆಲೂಗಡ್ಡೆ ಸುಲಿಯಲು ಕೂತಳು. ಲಾರಿ ಆ ಇಕ್ಕಟ್ಟಿನ ದಾರಿಯಲ್ಲಿ ಹಿಮ್ಮುಖವಾಗಿ ಹೋಗುವುದನ್ನು ನೋಡಲು ಕೆಳಗಿನ ಹೊಲಗಳವರೆಲ್ಲ ಬಂದು ಸಾಲಾಗಿ ನಿಂತರು. ಚಾಪೆಲಿನವರೂ.

ಇಬ್ಬರ ವಕೀಲರೂ ಕೂತು, ದಾರಿಯ ಹಕ್ಕು ಅವನಿಗೆ, ನೀರಿನ ಹಕ್ಕು ಅವಳಿಗೆ ಎಂದು ಪತ್ರ ಮಾಡಿದರು. ಬಿರಡೆ ಕಿತ್ತರು. ಇನ್ನು ಅವಳನ್ನು ಎಬ್ಬಿಸಿ ಕಳಿಸುವವರಿಲ್ಲ. ಬರ್ವಿನ್ ಈಗ ಅಂಗಳದಲ್ಲಿ ಧೂಳೆಬ್ಬಿಸಿ ಹೋಗುತ್ತಾನೆ. ಹಾರ್ನಿಲ್ಲ, ಮಾತಿಲ್ಲ, ಗೇಟು ಹಾಕುವುದೂ ಇಲ್ಲ. ಅವಳು ಕಿಟಕಿಯಿಂದ ಕೈ ಎತ್ತುವುದಿಲ್ಲ. ಇದನ್ನು ಗೆಲುವು ಎನ್ನುವವರು ಎನ್ನಲಿ.

ಕಳೆದ ತಿಂಗಳು ಕೆಳಗಿನ ಮನೆಗೆ ಹೊಸ ದಂಪತಿ ಬಂದರು. ಅವರ ಬಾವಿ ಬತ್ತಿದೆ. ಯಾರೋ ರೂಢಿ ಹೇಳಿಕೊಟ್ಟಿರಬೇಕು, ಆ ಹುಡುಗಿ ರೊಟ್ಟಿ ಹಿಡಿದು ಡೆಲಿತ್‌ಳ ಬಾಗಿಲಿಗೆ ಬಂದಳು.

"ನಿಮ್ಮ ಅಂಗಳದ ನೀರಿನ ತೊಟ್ಟಿ ತುಂಬಿ ಹೊರಗೆ ಹರಿದು ಹೋಗ್ತಿರೋ ನೀರನ್ನ ನಾವು..."

"ಬಾಯಿ ಮುಚ್ಚೆ!" ಡೆಲಿತ್ ರೊಟ್ಟಿ ಕಿತ್ತುಕೊಂಡಳು. "ಒಂದು ಮಾತು ಕೇಳಿದೆಯೋ, ನೋಡು. ಹೋಗಿ ಕೊಳವೆ ಹಾಕು. ಎಲ್ಲರ ಎದುರಿಗೆ ಹಾಕು. ನಾನು ಬದುಕಿರೋ ತನಕ ನನ್ನನ್ನ ಕೇಳಬೇಡ."

ಹುಡುಗಿ ಕಣ್ಣೀರು ಹಾಕುತ್ತಾ ಕೆಳಗಿಳಿದು ಹೋಗಿ, ಮೇಲಿನ ಮನೆಯ ಮುದುಕಿಯಷ್ಟು ಒರಟು ಹೆಂಗಸನ್ನು ತಾನು ಕಂಡಿಲ್ಲವೆಂದು ಗಂಡನಿಗೆ ಹೇಳಿದಳಂತೆ. ಮರುದಿನ ಗಂಡ ಕೊಳವೆ ಹಾಕಿದ. ಡೆಲಿತ್ ಕಿಟಕಿಯ ಪರದೆ ಎಳೆದುಕೊಂಡು ಒಳಗೆ ಕೂತಿದ್ದಳು.