ಸೂಜಿ ಕಾಣದ ತೋಳಿನ ಹತ್ತಿ

ಸೂಜಿ ಚುಚ್ಚಿಸಿಕೊಳ್ಳದೆಯೇ ತೋಳು ನೋವೆಂದು ನರಳಿದ ಮನುಷ್ಯ ಶಿವಮೊಗ್ಗದಲ್ಲಿ ಬಹುಶಃ ನಾನೊಬ್ಬನೇ. ಹೋದ ತಿಂಗಳ ಮಾತು. ಮಗಳು ಕೂಸಿನೊಂದಿಗೆ ಬಾಣಂತನಕ್ಕೆ ಬರುವವಳಿದ್ದಳು. ಮೊದಲು ಎತ್ತಿಕೊಳ್ಳುವವನು ನಾನೇ ಎಂದು ಬೀದಿಗೆಲ್ಲ ಸಾರಿದ್ದೆ. ಎತ್ತಿಕೊಳ್ಳುವವರು ಫ್ಲೂ ಲಸಿಕೆ ಹಾಕಿಸಿಕೊಂಡಿರಬೇಕೆಂದು ಮಗಳ ಅಪ್ಪಣೆ. ಸವಳಂಗ ರಸ್ತೆಯ ಕ್ಲಿನಿಕ್ಕಿನೊಳಗೆ ಹೆಂಡತಿ ಶಾರದೆ ನಗುನಗುತ್ತ ಹೋದಳು. ಸೂಜಿಗೆ ಹೆದರುವ ನಾನು ಪಕ್ಕದ ಮೆಡಿಕಲ್ ಶಾಪಿನಲ್ಲಿ ಹತ್ತಿ, ಪ್ಲಾಸ್ಟರ್ ಕೊಂಡು ತೋಳಿಗಂಟಿಸಿಕೊಂಡು, ಅವಳು ಹೊರಬಂದಾಗ “ನಂದು ಪಕ್ಕದ ರೂಮಲ್ಲಿ ಆಗ್ಲೇ ಆಯ್ತು” ಎಂದೆ. ಮನೆಯಲ್ಲಿ ಎಷ್ಟು ಚೆನ್ನಾಗಿ ನರಳಿದೆನೆಂದರೆ, ನಿಜವಾಗಿ ಮೈ ಬೆಚ್ಚಗಾಗಿದ್ದ ಶಾರದೆಯೇ ನನಗೆ ಮೆಣಸಿನ ಸಾರು ಕಾಸಿಕೊಟ್ಟಳು. ಎರಡನೇ ಲೋಟವನ್ನೂ ಕೇಳಿ ಕುಡಿದೆ.

ಲಸಿಕೆಯ ಕೆಲಸ ಗೊತ್ತಿಲ್ಲದವನೂ ನಾನಲ್ಲ. ಓದಿದ್ದು ಎಸ್ಸೆಸ್ಸೆಲ್ಸಿಯಾದರೂ, ಭದ್ರಾವತಿಯ ಕಾರ್ಖಾನೆಯಲ್ಲಿ ಬೆಂಕಿ ಬಿದ್ದಂತೆ ನಟಿಸಿ ತಾಲೀಮು ಮಾಡಿಸುವ ಮಾಕ್ ಡ್ರಿಲ್‌ಗೆ ಸೈರನ್ ಕೂಗಿಸುತ್ತಿದ್ದವನು. ಮೊದಲ ಸಲ ಕೂಗಿಸಿದಾಗ ಅರ್ಧ ಜನ ಕ್ಯಾಂಟೀನಿಗೆ ಓಡಿದ್ದರು! ಬರಬರುತ್ತ ಮರಳಿನ ಬಕೆಟ್ ಯಾರದು, ನೀರಿನ ಪೈಪು ಯಾರದು ಎಂಬುದು ಅವರ ಕೈಕಾಲಿಗೇ ಗೊತ್ತಾಯಿತು. ನಿಜವಾದ ಬೆಂಕಿ ಹೊತ್ತಿದ ದಿನ ನಾನು ಸೈರನ್ ಮುಟ್ಟುವಷ್ಟರಲ್ಲಿ ಆರಿಸಿ ಬೀಡಿ ಹಚ್ಚಿದ್ದರು. ಲಸಿಕೆಯೂ ಅಷ್ಟೆ. ಸತ್ತ ರೋಗಾಣುವಿನ ಚೂರೊಂದನ್ನು ಒಳಗೆ ಬಿಟ್ಟು, ‘ಇವನ ಗುರುತು ಹಿಡಿದಿಟ್ಟುಕೊಳ್ಳಿ’ ಎನ್ನುತ್ತದೆ. ರಕ್ತದ ಕಾವಲುಗಾರರು ಗಾಬರಿಯಿಂದ ಓಡಾಡುತ್ತಾರೆ. ನೋವು, ಜ್ವರ ಅದರದ್ದೇ ಗಲಾಟೆ. ಆಮೇಲೆ ಅವನಿಗೆ ತಕ್ಕ ಆಯುಧ ಮಾಡಿಕೊಳ್ಳುತ್ತಾರೆ. ನಿಜವಾದವನು ಬಂದರೆ ಹೊಸಿಲಲ್ಲೇ ಹಿಡಿಯುತ್ತಾರೆ. ನನ್ನ ಕಾವಲುಗಾರರಿಗೆ ನಾನು ತೋರಿಸಿದ್ದು ಬರೀ ಹತ್ತಿ.

ಮಗಳು ಬಂದಳು. “ತಗೋ ಅಪ್ಪ, ಮೊದ್ಲು ನೀನೇ ಎತ್ಕೋ” ಎಂದು ಮೊಮ್ಮಗಳನ್ನು ಚಾಚಿದಳು. ಗೋಡಂಬಿಯಷ್ಟು ಮೂಗು. ಆ ಮೂಗಿನೊಳಗೆ ನನ್ನ ಉಸಿರು ಹೋದರೆ? ಕೈ ಮುಂದೆ ಬರಲಿಲ್ಲ.

“ನಾನು ಚುಚ್ಚಿಸ್ಕೊಂಡಿಲ್ಲ ಪುಟ್ಟಿ.”

“ಮತ್ತೆ ಅಮ್ಮ ಹೇಳಿದ ನರಳಾಟ?”

“ಸುಮ್ನೆ.”

“ಅಯ್ಯೋ ಮಾರಾಯ್ರೇ!” ಶಾರದೆ ಸೊಂಟಕ್ಕೆ ಕೈಯಿಟ್ಟಳು. “ಜ್ವರದಲ್ಲಿ ಎದ್ದು ಸಾರು ಕಾಸಿದ್ನಲ್ರೀ! ಅದೂ ಎರಡು ಲೋಟ!”

ಮಗಳು ನಗು ತಡೆಯುತ್ತ ಕೂಸನ್ನು ಎದೆಗೊತ್ತಿಕೊಂಡಳು. “ಈಗ್ಲೇ ಹೋಗಿ ಹಾಕಿಸ್ಕೋ. ಆಮೇಲೂ ಎರಡು ವಾರ ದೂರದಿಂದ್ಲೇ ನೋಡು. ಮೈ ಕಲಿಯೋಕೆ ಅಷ್ಟು ಟೈಮ್ ಬೇಕು.”

ಹೋದೆ. ಕಣ್ಣು ಮುಚ್ಚಿ “ಚುಚ್ಚಿ” ಎಂದರೆ, ನರ್ಸ್ “ಆಯ್ತು, ಏಳಿ ಅಜ್ಜಾ” ಎಂದರು. ಇಷ್ಟಕ್ಕಾಗಿಯೇ ಅಷ್ಟೆಲ್ಲ ನಾಟಕವೇ!

ಈಗ ಬಾಣಂತಿ ಕೋಣೆಯ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂಸನ್ನು ನೋಡುತ್ತ ಕೂರುತ್ತೇನೆ. ಹುಟ್ಟಿದ ಆಸ್ಪತ್ರೆಯಲ್ಲೇ ಅವಳಿಗೂ ಲಸಿಕೆ ಹಾಕಿದ್ದಾರೆ. ಒಂದು ಸಲ ಚೀರಿ ನಿದ್ದೆ ಹೋದಳಂತೆ, ಅಷ್ಟೆ. ಮೈ ಪಾಠ ಕಲಿಯುವ ಈ ಶಾಲೆಗೆ ಅವಳು ನನಗಿಂತ ಮೊದಲೇ ಸೇರಿದವಳು. ಹಾಗಾಗಿ ಅವಳನ್ನು ಹೊರಗೆ ಎತ್ತಿ ತಂದಾಗಲೆಲ್ಲ, ಸೀನಿಯರ್ ಬಂದಳೆಂದು ನಾನೇ ಎದ್ದು ನಿಲ್ಲುತ್ತೇನೆ.